ಮಗುವಿನ ಮೊದಲ ವರ್ಷ: ಕರಾವಳಿಯಿಂದಲೂ ಘಟ್ಟದ ಮೇಲಿಂದಲೂ ಪದೇ ಪದೇ ಬರುವ ಪ್ರಶ್ನೆಗಳು

ಗುರುವಾರದ ಲಸಿಕೆಯ ಸಾಲಿನಲ್ಲಿ, ಮನೆ ಭೇಟಿಗೆ ಹೋದಾಗ, ಕೆಲವೊಮ್ಮೆ ನಡುರಾತ್ರಿ ಫೋನಿನಲ್ಲಿ ತಾಯಂದಿರು ಮತ್ತು ಅಜ್ಜಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಈಗೀಗ ಅಪ್ಪಂದಿರೂ ಕೇಳುತ್ತಾರೆ, ಅದು ಸಂತೋಷದ ವಿಷಯ. ಕಾರವಾರದ ಮೀನುಗಾರರ ಕೇರಿಯಲ್ಲೂ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲೂ ಆತಂಕಗಳು ಬಹುಪಾಲು ಒಂದೇ. ಮನೆಯಿಂದ ಮನೆಗೆ ಬದಲಾಗುವುದು ಆಸ್ಪತ್ರೆಯ ದೂರ. ಪೇಟೆಯಲ್ಲಿರುವವರು ಬೆಳಗಾಗಲಿ ಎಂದು ಕಾಯಬಹುದು. ಘಟ್ಟದ ಬುಡದ ಹಳ್ಳಿಯವರಿಗೆ ಆ ಅನುಕೂಲವಿಲ್ಲ. ಅದಕ್ಕೇ ಯಾವುದಕ್ಕೆ ನಿಶ್ಚಿಂತರಾಗಿರಬಹುದು, ಯಾವುದಕ್ಕೆ ಆ ಕ್ಷಣವೇ ಮನೆ ಬಿಡಬೇಕು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನನ್ನ ಹಾಲು ಮಗುವಿಗೆ ಸಾಕಾಗುತ್ತಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ?

ಎಲ್ಲರಿಗಿಂತ ಮಗುವಿನ ಲಂಗೋಟಿಯನ್ನು ನಂಬಿ. ಐದಾರು ದಿನ ತುಂಬಿದ ಮಗು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದು, ಅದು ತಿಳಿಯಾಗಿದ್ದರೆ ಹಾಲು ಸಾಕಾಗುತ್ತಿದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ. ಶೇಕಡಾ 10ರೊಳಗಿನ ಇಳಿಕೆಯನ್ನು ಸಾಮಾನ್ಯವಾಗಿ ಕಾಣುತ್ತೇವೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮಗು ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ಎರಡು ಮೂರು ದಿನ ಬರುವ ದಪ್ಪನೆಯ ಹಳದಿ ಹಾಲು ಚಮಚದಷ್ಟೇ ಇರುತ್ತದೆ. ಹುಟ್ಟಿದ ಮಗುವಿನ ಹೊಟ್ಟೆಗೆ ಅಷ್ಟು ಸಾಕು. ರೋಗ ತಡೆಯುವ ಅಂಶಗಳು ಅದರಲ್ಲೇ ಹೆಚ್ಚು, ಹಾಗಾಗಿ ಅದನ್ನು ಹಿಂಡಿ ಚೆಲ್ಲಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಕೊಂಡರೆ ಹಾಲು ಬೇಗ ಇಳಿಯುತ್ತದೆ.

ಹಾಲು ಕಡಿಮೆ ಎಂದು ಬರುವ ಬಹಳಷ್ಟು ತಾಯಂದಿರಲ್ಲಿ ನಾನು ಕಂಡದ್ದು ಮಗು ಎದೆ ಹಿಡಿಯುವ ರೀತಿಯ ತೊಂದರೆಯನ್ನೇ. ಬರೀ ತೊಟ್ಟನ್ನು ಚೀಪಿದರೆ ತಾಯಿಗೆ ನೋವು, ಮಗುವಿಗೆ ಹಸಿವು. ಬಾಯಿ ಅಗಲವಾಗಿ ತೆರೆದಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಹೋಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಬೇಕು. ಸರಿಯಾಗಿ ಹಿಡಿದಾಗ ಚಪ್ಪರಿಸುವ ಸದ್ದು ನಿಂತು ನುಂಗುವ ಸದ್ದು ಕೇಳಿಸುತ್ತದೆ. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ಅವರೆದುರು ಒಮ್ಮೆ ಹಾಲು ಕುಡಿಸಿ ತೋರಿಸಿ, ಸಂಕೋಚ ಬೇಡ.

ಏಪ್ರಿಲ್, ಮೇ ಸೆಕೆಯಲ್ಲಿ ಸ್ವಲ್ಪ ನೀರಾದರೂ ಕೊಡಬೇಡವೇ?

ಬೇಡ. ಎದೆಹಾಲಿನ ಬಹುಪಾಲು ನೀರೇ. ಆರು ತಿಂಗಳು ತುಂಬುವವರೆಗೆ ಅಂಕೋಲೆಯ ಕಡು ಸೆಕೆಯಲ್ಲೂ ಬೇರೆ ನೀರು ಬೇಕಾಗುವುದಿಲ್ಲ. ಮಗು ಹೆಚ್ಚು ಸಲ ಕೇಳಿದರೆ ಹೆಚ್ಚು ಸಲ ಕುಡಿಸಿ, ಮತ್ತು ನೀವು ನೀರು ಕುಡಿಯಿರಿ.

ಬಾಣಂತಿ ನೀರು ಕುಡಿದರೆ ಶೀತ, ಮೀನು ತಿಂದರೆ ನಂಜು ಎನ್ನುತ್ತಾರಲ್ಲ?

ತವರಿನ ಬಾಣಂತನದಲ್ಲಿ ನಾನು ಮೆಚ್ಚುವುದು ಬಹಳ ಇದೆ. ವಿಶ್ರಾಂತಿ, ಬಿಸಿ ಊಟ, ಮೈಗೆ ಎಣ್ಣೆ, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ. ಇವುಗಳ ಬೆಲೆ ಪೇಟೆಯಲ್ಲಿ ಒಂಟಿಯಾಗಿ ಮಗು ಸಾಕಿದವರಿಗೆ ಗೊತ್ತು. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿದ ಸಾರಿನಿಂದ ಯಾರಿಗೂ ಕೇಡಿಲ್ಲ. ಆದರೆ ನೀರು ಕಟ್ಟುವುದು, ಸೊಪ್ಪು, ತರಕಾರಿ, ಹಣ್ಣು ಬಿಡಿಸುವುದು, ವಾರಗಟ್ಟಲೆ ಅನ್ನ ಮತ್ತು ಮೆಣಸಿನ ಸಾರಿನಲ್ಲೇ ಇಡುವುದು ತಪ್ಪು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ದೇಹಕ್ಕೆ ಆಗಲೇ ಹೆಚ್ಚು ಪೋಷಣೆ ಬೇಕು. ನೀರು ಕಡಿಮೆಯಾದರೆ ಮಲಬದ್ಧತೆ ಮತ್ತು ಮೂತ್ರದ ಉರಿ ಶುರುವಾಗುತ್ತವೆ. ಮೀನು ತಿನ್ನುವ ಮನೆಯವರು ಬಂಗಡೆ, ತಾರ್ಲೆಯನ್ನು ಸಾರು ಮಾಡಿ ಧಾರಾಳವಾಗಿ ಬಡಿಸಿ. ತಿನ್ನದ ಮನೆಯಲ್ಲಿ ಬೇಳೆ, ಹೆಸರುಕಾಳು, ಬಸಳೆ, ಹರಿವೆ ದಿನವೂ ಇರಲಿ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರ 180 ದಿನ ನುಂಗಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಈ ಮಾತ್ರೆಗಳು ಹಲವು ಮನೆಗಳಲ್ಲಿ ಕಪಾಟಿನಲ್ಲೇ ಉಳಿದಿರುತ್ತವೆ.

ಅಜ್ಜಿ ದಿನವೂ ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಾರೆ. ನಿಲ್ಲಿಸಬೇಕೇ?

ನಿಲ್ಲಿಸುವುದೇಕೆ? ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತು, ಮೊಣಕಾಲುಗಳ ನಡುವೆ ಮಗುವನ್ನು ಬೋರಲು ಮಲಗಿಸಿ, ಒಂದು ಕೈಯಲ್ಲಿ ಕತ್ತು ಹಿಡಿದು ಇನ್ನೊಂದು ಕೈಯಲ್ಲಿ ತೆಂಗಿನೆಣ್ಣೆ ತಿಕ್ಕುವ ಅಜ್ಜಿಯ ಕೈಗೆ ಇರುವ ಹದವನ್ನು ಯಾವ ತರಬೇತಿಯೂ ಕಲಿಸಲಾರದು. ಹಗುರವಾದ ಮಾಲೀಶಿನಿಂದ ಮಗುವಿನ ಚರ್ಮಕ್ಕೂ ನಿದ್ದೆಗೂ ಒಳ್ಳೆಯದು. ಮೊದಲ ಸ್ನಾನವನ್ನು ಮಾತ್ರ ಹುಟ್ಟಿ 24 ಗಂಟೆ ಕಳೆದ ಮೇಲೆ ಮಾಡಿಸಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ತೂಕ ಏರುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯೇ ಸರಿ.

ಅಜ್ಜಿಯ ಹತ್ತಿರ ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟು. ನೀರಿನ ಬಿಸಿಯನ್ನು ಒಲೆಯ ಮುಂದೆ ಪಳಗಿದ ಅಂಗೈಯಿಂದ ನೋಡಬೇಡಿ, ಮೊಣಕೈಯಿಂದ ನೋಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹೆಣ್ಣಾಗಲಿ ಗಂಡಾಗಲಿ, ಹುಟ್ಟಿದ ಮಗುವಿನ ಎದೆ ಉಬ್ಬಿದ್ದರೆ ಹಿಂಡಬೇಡಿ. ತಾಯಿಯ ಹಾರ್ಮೋನಿನಿಂದ ಬಂದ ಊತ ಅದು, ತಾನೇ ಇಳಿಯುತ್ತದೆ. ಹಿಂಡಿದರೆ ಕೀವು ಕಟ್ಟುತ್ತದೆ. ಮಿಂದ ಮೇಲೆ ಬಾಗಿಲು ಮುಚ್ಚಿ ಕೆಂಡದ ಸಾಂಬ್ರಾಣಿ ಹೊಗೆ ಹಿಡಿಯುವುದೂ ಬೇಡ, ಆ ಹೊಗೆಯನ್ನು ಮಗುವೇ ಉಸಿರಾಡಬೇಕು. ಕಣ್ಣಿಗೆ ಕಾಡಿಗೆ ಬೇಡ, ಎಷ್ಟೋ ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ.

ಬಜೆ, ಜೇನು, ಗುಟ್ಟಿ ಕೊಡಬಹುದೇ?

ಒಂದು ವರ್ಷ ತುಂಬುವ ಮೊದಲು ಜೇನು ನಾಲಿಗೆಗೆ ತಾಗಲೂ ಬಾರದು. ಶಿರಸಿ, ಯಲ್ಲಾಪುರದ ಕಡೆ ಶುದ್ಧ ಕಾಡುಜೇನು ಮನೆಯಲ್ಲೇ ಇರುತ್ತದೆ, ಅದರಲ್ಲಿ ಏನು ಕೇಡು ಎಂದು ಕೇಳುತ್ತಾರೆ. ಪ್ರಶ್ನೆ ಕಲಬೆರಕೆಯದಲ್ಲ. ಶುದ್ಧ ಜೇನಿನಲ್ಲೂ ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ. ಶಿಶುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಮಗು ಸೋತು ಮೆತ್ತಗಾಗುತ್ತದೆ, ಉಸಿರಾಟಕ್ಕೂ ಅಪಾಯ. ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಬಜೆ ಮತ್ತು ಗುಟ್ಟಿಯನ್ನೂ ನಾನು ಬೇಡ ಎನ್ನುತ್ತೇನೆ. ಪ್ರಮಾಣಕ್ಕೆ ಲೆಕ್ಕವಿಲ್ಲ, ತೇಯುವ ಕಲ್ಲು ಮತ್ತು ನೀರು ಶುದ್ಧವಿರುವ ಖಾತ್ರಿಯಿಲ್ಲ, ಮತ್ತು ಆರು ತಿಂಗಳವರೆಗೆ ಹೊಟ್ಟೆಗೆ ಹಾಲಲ್ಲದೆ ಬೇರೇನೂ ಹೋಗಬಾರದು. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿಗಳಂತಹ ಔಷಧಿ ಮಾತ್ರ ಇದಕ್ಕೆ ಹೊರತು.

ಹೊಕ್ಕುಳಿಗೆ ಏನು ಹಚ್ಚಬೇಕು?

ಏನೂ ಬೇಡ. ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ. ಒಣಗಿರಲಿ, ಲಂಗೋಟಿ ಅದರ ಕೆಳಗಿರಲಿ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಬಿದ್ದುಹೋಗುತ್ತದೆ. ಸುತ್ತ ಕೆಂಪಾದರೆ, ಕೀವು ಅಥವಾ ವಾಸನೆ ಬಂದರೆ ಅದೇ ದಿನ ತೋರಿಸಿ.

ಮಗು ಹಳದಿಯಾಗಿದೆ. ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕೇ?

ಎರಡು ಅಥವಾ ಮೂರನೆಯ ದಿನ ಶುರುವಾಗಿ, ಎರಡು ವಾರದೊಳಗೆ ಇಳಿಯುವ ತೆಳು ಹಳದಿ ಬಹಳ ಮಕ್ಕಳಿಗೆ ಬರುತ್ತದೆ. ಹಾಲು ಚೆನ್ನಾಗಿ ಕುಡಿಸಿದರೆ ಹೋಗುತ್ತದೆ. ಆದರೆ ಮೊದಲ 24 ಗಂಟೆಯೊಳಗೆ ಹಳದಿಯಾದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಬಿಸಿಲಿನ ಮಾತೇ ಬೇಡ. ರಕ್ತ ಪರೀಕ್ಷೆ ಮಾಡಿ, ಅಗತ್ಯವಿದ್ದರೆ ನೀಲಿ ಬೆಳಕಿನ ಕೆಳಗೆ ಮಲಗಿಸಬೇಕು. ತಡವಾದರೆ ಮಿದುಳಿಗೆ ಸರಿಪಡಿಸಲಾಗದ ಹಾನಿ. ಜುಲೈ ತಿಂಗಳ ಕಾರವಾರದಲ್ಲಿ ಬಿಸಿಲಿಗೆ ಕಾಯುತ್ತ ಕುಳಿತರೆ ಏನಾದೀತು, ಯೋಚಿಸಿ.

ಎರಡು ವಾರ ಕಳೆದರೂ ಹಳದಿ ಇಳಿಯದೆ, ಮಲ ಸುಣ್ಣದಂತೆ ಬಿಳಿಚಿದ್ದು ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ ಪಿತ್ತನಾಳದ ತಡೆಯನ್ನು ಶಂಕಿಸಬೇಕು. ಅದರ ಶಸ್ತ್ರಚಿಕಿತ್ಸೆ ಮೊದಲ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು.

ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಡೈಪರ್ ಹಾಕಬಹುದೇ?

ಹಾಕಬಹುದು, ದಿನವಿಡೀ ಬೇಡ. ಮೂರು ನಾಲ್ಕು ಗಂಟೆಗೊಮ್ಮೆ, ಮಲ ಮಾಡಿದ ಕೂಡಲೇ ಬದಲಿಸಿ. ದಿನಕ್ಕೆ ಕೆಲ ಹೊತ್ತು ಬರಿಮೈಯಲ್ಲಿ ಬಿಡಿ. ಹತ್ತಿಬಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ಹಿಡಿಯುತ್ತದೆ. ಫ್ಯಾನಿನ ಕೆಳಗೆ ಒಣಗಿಸಿ, ಕೊನೆಗೆ ಇಸ್ತ್ರಿ ಹಾಕಿ. ಸ್ವಲ್ಪ ಕೆಂಪಾದರೆ ನೀರಿನಲ್ಲಿ ತೊಳೆದು, ಒಣಗಿಸಿ, ತೆಂಗಿನೆಣ್ಣೆ ಅಥವಾ ಸತುವಿನ ಮುಲಾಮು ಹಚ್ಚಿ. ತೊಡೆಸಂದಿಯ ಮಡಿಕೆಗಳಲ್ಲಿ ಕಡುಕೆಂಪಾಗಿ ಸುತ್ತ ಸಣ್ಣ ಚುಕ್ಕೆಗಳೆದ್ದರೆ ಅದು ಬೂಸು ಸೋಂಕು, ಅದಕ್ಕೆ ಬೇರೆ ಮುಲಾಮು ಬೇಕು. ಪೌಡರ್ ಬೇಡವೇ ಬೇಡ.

ಸಂಜೆಯಾದರೆ ಅಳು ನಿಲ್ಲುವುದಿಲ್ಲ. ಹೊಟ್ಟೆನೋವೇ, ದೃಷ್ಟಿಯೇ?

ಹುಟ್ಟಿದ ಎರಡನೆಯ ವಾರದಿಂದ ಅಳು ಏರುತ್ತ ಹೋಗಿ ಆರು ವಾರದ ಸುಮಾರಿಗೆ ಹೆಚ್ಚಿರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಹಾಲು ಕುಡಿದು, ತೂಕ ಏರುತ್ತ, ಉಳಿದ ಹೊತ್ತು ಲವಲವಿಕೆಯಿಂದಿರುವ ಮಗುವಿಗೆ ಔಷಧಿ ಬೇಕಿಲ್ಲ. ಗ್ರೈಪ್ ವಾಟರ್‌ನಿಂದ ಉಪಯೋಗವಿಲ್ಲ. ಹೆಗಲಿಗೆ ಹಾಕಿಕೊಂಡು ತೇಗಿಸಿ, ಎದೆಗವಚಿ ಅಂಗಳದಲ್ಲಿ ಓಡಾಡಿ, ತೊಟ್ಟಿಲು ತೂಗಿ. ದೃಷ್ಟಿ ತೆಗೆದರೆ ಮನೆಯವರಿಗೆ ನೆಮ್ಮದಿಯಾದೀತು, ಆದರೆ ಮೆಣಸಿನಕಾಯಿಯನ್ನು ಮಗುವಿನ ಕೋಣೆಯಲ್ಲಿ ಸುಡಬೇಡಿ. ನಿಮಗೇ ತಾಳ್ಮೆ ತಪ್ಪಿತೆನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಎಷ್ಟೇ ಸಿಟ್ಟು ಬಂದರೂ ಹಿಡಿದು ಅಲುಗಾಡಿಸಬಾರದು, ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ದಿನಕ್ಕೆ ಎಂಟು ಸಲ ಮಲ ಮಾಡುತ್ತದೆ. ಇನ್ನೊಬ್ಬರ ಮಗು ಐದು ದಿನಕ್ಕೊಮ್ಮೆ. ಯಾವುದು ಸರಿ?

ಎದೆಹಾಲು ಮಾತ್ರ ಕುಡಿಯುವ ಮಗುವಿನಲ್ಲಿ ಎರಡೂ ಸರಿ. ಇದ್ದಕ್ಕಿದ್ದಂತೆ ನೀರು ನೀರಾಗಿ, ಹೆಚ್ಚು ಸಲ ಆದರೆ ಅದು ಭೇದಿ. ಹಾಲು ನಿಲ್ಲಿಸಬೇಡಿ. ಎರಡು ತಿಂಗಳೊಳಗಿನ ಮಗುವನ್ನು ನೇರ ಆಸ್ಪತ್ರೆಗೆ ಒಯ್ಯಿರಿ. ಅದಕ್ಕಿಂತ ದೊಡ್ಡ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್ ಓಆರ್‌ಎಸ್ ಅನ್ನು ಚಮಚದಲ್ಲಿ ನಿಧಾನವಾಗಿ ಕುಡಿಸಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು, ಅರ್ಧರ್ಧ ಮಾಡಬಾರದು. ಸತುವಿನ ಮಾತ್ರೆ ಆರು ತಿಂಗಳೊಳಗೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟವರಿಗೆ 20 ಮಿಲಿಗ್ರಾಂ, ಒಟ್ಟು 14 ದಿನ. ಭೇದಿ ನಿಂತಿತೆಂದು ಮಧ್ಯೆ ಬಿಡಬೇಡಿ.

ಲಸಿಕೆ ಹಾಕಿಸಿದರೆ ಜ್ವರ ಬರುತ್ತದೆ. ಒಂದೆರಡು ಬಿಟ್ಟರೆ ನಡೆಯುವುದಿಲ್ಲವೇ?

ನಡೆಯುವುದಿಲ್ಲ. ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ. ನಂತರ 6, 10, 14ನೆಯ ವಾರ ಐದು ಕಾಯಿಲೆಗಳನ್ನು ತಡೆಯುವ ಪೆಂಟಾವೇಲೆಂಟ್ ಚುಚ್ಚುಮದ್ದು, ಪೋಲಿಯೊ ಹನಿ ಮತ್ತು ಭೇದಿ ತಡೆಯುವ ರೋಟಾ. ಪೋಲಿಯೊ ಚುಚ್ಚುಮದ್ದು ಮತ್ತು ನ್ಯುಮೋನಿಯಾ ತಡೆಯುವ ಪಿಸಿವಿ 6 ಮತ್ತು 14ನೆಯ ವಾರಕ್ಕೆ. ಒಂಬತ್ತು ತಿಂಗಳು ತುಂಬಿದಾಗ ದಡಾರ ಮತ್ತು ರುಬೆಲ್ಲಾ, ಪಿಸಿವಿಯ ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೆಯ ಡೋಸ್, ಜೊತೆಗೆ ವಿಟಮಿನ್ ಎ. ಎಲ್ಲವೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲ ವಾರಗಳ ನಂತರ ಏಳುವ ಸಣ್ಣ ಗುಳ್ಳೆಗೆ ಏನೂ ಹಚ್ಚಬೇಡಿ. ನೆಗಡಿಯಿದೆ ಎಂದು ಲಸಿಕೆ ಮುಂದೂಡಬೇಡಿ. ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಹೊರಡುವಾಗ ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳಿ. ಎಷ್ಟೋ ಮಕ್ಕಳ ಹತ್ತನೆಯ ವಾರದ ಲಸಿಕೆ ಆ ಪ್ರಯಾಣದಲ್ಲೇ ತಪ್ಪುತ್ತದೆ.

ಪೆಂಟಾವೇಲೆಂಟ್ ನಂತರ ಒಂದೆರಡು ದಿನ ಜ್ವರ, ತೊಡೆಯಲ್ಲಿ ಊತ ಇರಬಹುದು. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಪ್ಯಾರಾಸಿಟಮಾಲ್ ಹನಿಗಳ ಬಾಟಲಿ ಮತ್ತು ಸಿರಪ್ ಒಂದೇ ಅಲ್ಲ. ಹನಿಗಳಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಮಿಲಿಲೀಟರ್‌ಗೆ 125 ಅಥವಾ 250. ಡೋಸ್ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಐದು ಕಿಲೋ ಮಗುವಿಗೆ ಹನಿಗಳಾದರೆ ಅರ್ಧದಿಂದ ಮುಕ್ಕಾಲು ಮಿಲಿಲೀಟರ್ ಸಾಕು. ಪಕ್ಕದ ಮನೆಯವರು ಸಿರಪ್ ಲೆಕ್ಕದಲ್ಲಿ ಹೇಳಿದ ಎರಡೂವರೆ ಮಿಲಿಲೀಟರನ್ನು ಹನಿಗಳ ಬಾಟಲಿಯಿಂದ ಹಾಕಿದರೆ ಹಲವು ಪಟ್ಟು ಹೆಚ್ಚಾಗಿ ಯಕೃತ್ತಿಗೆ ಅಪಾಯ. ಬಾಟಲಿಯ ಮೇಲಿನ ಅಂಕಿಯನ್ನು ಓದಿ, ಲಸಿಕೆ ಹಾಕಿದವರಿಂದಲೇ ನಿಮ್ಮ ಮಗುವಿನ ಪ್ರಮಾಣವನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಎರಡು ಡೋಸ್‌ಗಳ ನಡುವೆ ಆರು ಗಂಟೆ ಇರಲಿ.

ಕಫ ಕಟ್ಟಿದೆ, ಗೊರಗೊರ ಸದ್ದು ಬರುತ್ತದೆ. ಕರ್ಪೂರದ ಎಣ್ಣೆ ಹಚ್ಚಲೇ, ಸಿರಪ್ ತರಲೇ?

ಎರಡೂ ಬೇಡ. ಕರ್ಪೂರ ಶಿಶುವಿನ ಮೈಗೆ ಸೇರಿದರೆ ಅಪಸ್ಮಾರ ತರಬಲ್ಲದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಶೀತದ ಸಿರಪ್‌ಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರಲ್ಲೇ ಕೇಂದ್ರ ಔಷಧ ನಿಯಂತ್ರಕರು ಸೂಚಿಸಿದ್ದಾರೆ. ಮೂಗು ಕಟ್ಟಿದ್ದರೆ ಹಾಲು ಕುಡಿಸುವ ಮೊದಲು ಉಪ್ಪುನೀರಿನ ಹನಿ ಬಿಡಿ. ಔಷಧಿ ಅಂಗಡಿಯಲ್ಲಿ ಸಲೈನ್ ಹನಿ ಎಂದರೆ ಕೊಡುತ್ತಾರೆ.

ಗೊರಗೊರ ಸದ್ದಿಗಿಂತ ಉಸಿರಿನ ಎಣಿಕೆ ಮುಖ್ಯ. ಇದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆ ಎಷ್ಟು ಸಲ ಏರುತ್ತದೆ ಎಂದು ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಶಿಶುಗಳ ಉಸಿರು ಒಮ್ಮೆ ವೇಗ, ಒಮ್ಮೆ ನಿಧಾನ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಹೆಚ್ಚು ಬಂದರೆ ವೇಗದ ಉಸಿರು. ಅಷ್ಟರಲ್ಲೇ ಪಕ್ಕೆಲುಬಿನ ಕೆಳಭಾಗವನ್ನೂ ನೋಡಿ. ಉಸಿರು ಎಳೆಯುವಾಗ ಅಲ್ಲಿ ಗುಳಿ ಬಿದ್ದರೆ ನ್ಯುಮೋನಿಯಾ ಇರಬಹುದು, ಕೂಡಲೇ ಹೊರಡಿ.

ಹಾಗಾದರೆ ಯಾವ ಲಕ್ಷಣಕ್ಕೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು?

ಹಾಲು ಕುಡಿಯುವುದನ್ನೇ ಬಿಟ್ಟರೆ. ಎಬ್ಬಿಸಿದರೂ ಎಚ್ಚರಗೊಳ್ಳದೆ ಜೋತುಬಿದ್ದರೆ. ಅಪಸ್ಮಾರ ಬಂದರೆ. ವೇಗದ ಉಸಿರು, ಎದೆಯಲ್ಲಿ ಗುಳಿ, ನರಳಿಕೆ, ತುಟಿ ನೀಲಿಯಾಗುವುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಅಥವಾ ಮೈ ಮುಟ್ಟಿದರೆ ತಣ್ಣಗಿರುವುದು. ಹಸಿರು ವಾಂತಿ, ಮಲದಲ್ಲಿ ರಕ್ತ, ಎಂಟು ಗಂಟೆ ಮೂತ್ರವಿಲ್ಲದಿರುವುದು. ಇವುಗಳಲ್ಲಿ ಒಂದಿದ್ದರೂ ಯಾರ ಒಪ್ಪಿಗೆಗೂ ಕಾಯಬೇಡಿ. ಗಂಡ ದೋಣಿಯಿಂದ ಮರಳಲಿ, ಮಾವ ಪೇಟೆಯಿಂದ ಬರಲಿ ಎಂದು ಕೂರಬೇಡಿ.

ದೂರವನ್ನು ಮೊದಲೇ ಲೆಕ್ಕ ಹಾಕಿಡಿ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕೆಂದರೆ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೊರಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದು ಇದೇ ಸಂಕಟದಿಂದ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗುವಿಗೆ ಸಣ್ಣ ಅನುಮಾನ ಬಂದರೂ ಬೆಳಕಿರುವಾಗಲೇ ಹೊರಡುವುದು ಜಾಣತನ. ಬಾಡಿಗೆ ವಾಹನದವರ ಒಂದೆರಡು ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಿ. 108 ಆಂಬುಲೆನ್ಸ್ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧಿ ಮತ್ತು ಸಾಗಣೆ ಉಚಿತ. ಯಾರಾದರೂ ಹಣ ಕೇಳಿದರೆ ಈ ಹೆಸರು ಹೇಳಿ. ಪುಟ್ಟ ಮಗುವನ್ನು ದಾರಿಯುದ್ದಕ್ಕೂ ತಾಯಿಯ ಎದೆಗೆ ತಾಗಿಸಿ ಬೆಚ್ಚಗಿಟ್ಟುಕೊಳ್ಳಿ. ಕುಡಿಯುವ ಶಕ್ತಿಯಿದ್ದರೆ ಹಾಲು ಕೊಡುತ್ತಲೇ ಇರಿ.

ಆರು ತಿಂಗಳಾಯಿತು. ಏನು ತಿನ್ನಿಸಬೇಕು?

ಮನೆಯಲ್ಲಿ ಬೆಂದದ್ದನ್ನೇ, ನುಣ್ಣಗೆ ಮಾಡಿ. ಮೊಳಕೆ ರಾಗಿಯ ಮಣ್ಣಿ, ಕುಚ್ಚಲಕ್ಕಿ ಅನ್ನ ಮತ್ತು ತೊವ್ವೆ ಕಲಸಿ ಮಸೆದದ್ದು, ಬೇಯಿಸಿದ ನೇಂದ್ರ ಬಾಳೆ, ಸಿಹಿಗೆಣಸು, ಪಪ್ಪಾಯಿ. ಬಹಳ ಮನೆಗಳಲ್ಲಿ ಆಗುವ ತಪ್ಪೆಂದರೆ ಗಂಜಿಯ ತಿಳಿ ಮತ್ತು ಬೇಳೆಕಟ್ಟು ಕುಡಿಸಿ ಊಟವಾಯಿತೆಂದುಕೊಳ್ಳುವುದು. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಮೇಲೆ ಅರ್ಧ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ.

ಮೀನು ಮತ್ತು ಮೊಟ್ಟೆಯನ್ನು ಒಂದು ವರ್ಷದವರೆಗೆ ದೂರವಿಡಬೇಕೆಂಬ ಮಾತಿಗೆ ಆಧಾರವಿಲ್ಲ. ಆರು ತಿಂಗಳ ನಂತರ ಎರಡನ್ನೂ ಕೊಡಬಹುದು. ಖಾರ ಹಾಕದೆ ಬೇಯಿಸಿದ ಮೀನನ್ನು ಬೆಳಕಿನಲ್ಲಿ ಬೆರಳಿನಿಂದ ಹಿಸುಕಿ, ಕೂದಲೆಳೆಯಂತಹ ಮುಳ್ಳೂ ಉಳಿಯದಂತೆ ನೋಡಿ, ಅನ್ನಕ್ಕೆ ಕಲಸಿ. ಇಸ್ವಾಣದಲ್ಲಿ ಮುಳ್ಳು ತೆಗೆಯುವುದು ಸುಲಭ, ತಾರ್ಲೆಯಲ್ಲಿ ಕಷ್ಟ. ಶಾರ್ಕ್ ಜಾತಿಯ ಮೀನು ಬೇಡ, ಅದರಲ್ಲಿ ಪಾದರಸ ಸೇರಿರುತ್ತದೆ. ಸಸ್ಯಾಹಾರಿ ಮನೆಯಲ್ಲಿ ಬೇಳೆ, ಸೊಪ್ಪಿನ ಜೊತೆ ಎರಡು ಹನಿ ಲಿಂಬೆರಸ ಹಿಂಡಿ. ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಹೊಸ ಆಹಾರವನ್ನು ಒಂದೊಂದಾಗಿ, ಎರಡು ಮೂರು ದಿನ ಬಿಟ್ಟು ಶುರುಮಾಡಿ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಬಿಸ್ಕತ್ತು ಅದ್ದಿ ತಿನ್ನಿಸುವುದು ಅತ್ಯಂತ ಬಡ ಊಟ.

ಆರರಿಂದ ಎಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರ ನಂತರ ಮೂರು ನಾಲ್ಕು ಸಲ. ಎದೆಹಾಲು ಜೊತೆಗೇ ಇರಲಿ. ಆರು ತಿಂಗಳಿನಿಂದ ವಾರಕ್ಕೆರಡು ಸಲ 1 ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ಅನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ಪಡೆಯಿರಿ. ಅಂಗನವಾಡಿಯ ಪುಷ್ಟಿ ಪುಡಿಯೂ ಮಗುವಿನ ಹಕ್ಕು.

ಮನೆಯದೇ ಹಸುವಿನ ಹಾಲು ಇದೆ. ಅದನ್ನು ಕೊಡಬಾರದೇ?

ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಇರುವ ಮನೆಯಲ್ಲಿ ಈ ಮಾತು ಹೇಳಿದರೆ ಅಜ್ಜಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಒಂದು ವರ್ಷದವರೆಗೆ ಹಸುವಿನ ಹಾಲನ್ನು ಕುಡಿಯಲು ಕೊಡಬಾರದು. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಬಹುದು, ಪ್ರೋಟೀನ್ ಮತ್ತು ಲವಣಗಳು ಎಳೆಯ ಮೂತ್ರಪಿಂಡಕ್ಕೆ ಹೊರೆ. ಎಂಟು ತಿಂಗಳಿಗೆ ದುಂಡಗಿದ್ದರೂ ಬಿಳಿಚಿಕೊಂಡ ಮಕ್ಕಳನ್ನು ವಿಚಾರಿಸಿದರೆ ಎಷ್ಟೋ ಸಲ ಹಾಲಿನ ಬಾಟಲಿಯೇ ಕಾರಣವೆಂದು ತಿಳಿಯುತ್ತದೆ. ಆರು ತಿಂಗಳ ನಂತರ ಮಣ್ಣಿಗೆ ಸ್ವಲ್ಪ ಹಾಲು, ಎರಡು ಚಮಚ ಮೊಸರು ಇದ್ದರೆ ಚಿಂತೆಯಿಲ್ಲ.

ಸೊಳ್ಳೆ ಕಾಟಕ್ಕೆ ಏನು ಮಾಡಲಿ? ಮಂಗನ ಕಾಯಿಲೆಯ ಭಯವೂ ಇದೆ.

ಸೊಳ್ಳೆಗೆ ತೊಟ್ಟಿಲ ಪರದೆಯೇ ಅತ್ಯುತ್ತಮ, ಹಗಲಲ್ಲೂ ಕಟ್ಟಿ. ಡೆಂಗಿ ಸೊಳ್ಳೆ ಹಗಲಿನದು. ಸುರುಳಿಯ ಹೊಗೆ ಬೇಡ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿನಲ್ಲಿ, ಹೊನ್ನಾವರದ ಕಾಡಂಚಿನಲ್ಲಿ ಕಾಣಿಸಿಕೊಂಡಿರುವುದರಿಂದ ಈ ಭಯ ಸಹಜ. ಇದು ಉಣ್ಣೆ ಎಂಬ ರಕ್ತ ಹೀರುವ ಸಣ್ಣ ಹುಳುವಿನ ಕಡಿತದಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಶಿಶು ಕಾಡಿಗೆ ಹೋಗುವುದಿಲ್ಲ, ಉಣ್ಣೆ ಮನೆಗೆ ಬರುತ್ತದೆ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು, ಸೌದೆಗೆ, ದನ ಅಟ್ಟಲು ಹೋಗಿ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಿಂದು, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ದರಕಿನ ರಾಶಿಯ ಹತ್ತಿರ ಚಾಪೆ ಹಾಸಿ ಮಲಗಿಸಬೇಡಿ. ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಮುಟ್ಟಬೇಡಿ.

ಅಂಬೆಗಾಲಿಡಲು ಶುರುಮಾಡಿದೆ. ಯಾವುದಕ್ಕೆ ಜಾಗ್ರತೆ ವಹಿಸಬೇಕು?

ನೆಲಕ್ಕೆ ಕುಳಿತು ಮಗುವಿನ ಎತ್ತರದಿಂದ ಜಗಲಿಯನ್ನು ನೋಡಿ. ಅಡಿಕೆ ಸುಲಿಯುವ ದಿನಗಳಲ್ಲಿ ಮೂಲೆಯಲ್ಲಿ ಉಳಿದ ಅಡಿಕೆ ಚೂರು, ಗೇರುಬೀಜ, ಹುಣಸೆಬೀಜ, ಶೇಂಗಾ ಎಲ್ಲವೂ ಉಸಿರುನಾಳಕ್ಕೆ ಸರಿಯಾಗಿ ಕೂರುವ ಗಾತ್ರದವು. ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಕೆಮ್ಮಲೂ ಅಳಲೂ ಆಗದಿದ್ದರೆ ಮುಂಗೈ ಮೇಲೆ ಬೋರಲು, ತಲೆ ಕೆಳಗಿರುವಂತೆ ಮಲಗಿಸಿ ಬೆನ್ನಿನ ಮೇಲ್ಭಾಗಕ್ಕೆ ಅಂಗೈಯ ಬುಡದಿಂದ ಐದು ಸಲ ಗುದ್ದಿ. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ಹೊರಬರುವವರೆಗೆ ಹೀಗೇ ಮುಂದುವರಿಸಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಕ್ಕೆ ಹೋಗುತ್ತದೆ.

ಮಳೆಗೆ ಮುಂಚೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ವಿಷದ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯೇ. ಬೀಗ ಹಾಕಿ ಇಡಿ. ಬಚ್ಚಲಿನ ಬಕೆಟ್ ಖಾಲಿಯಿರಲಿ, ಅಂಗೈ ಆಳದ ನೀರಿನಲ್ಲೂ ಮಗು ಮುಳುಗುತ್ತದೆ. ಚಕ್ರದ ವಾಕರ್ ಕೊಳ್ಳಬೇಡಿ. ಅದರಿಂದ ಬೇಗ ನಡೆಯುವುದಿಲ್ಲ, ಜಗಲಿಯ ಮೆಟ್ಟಿಲಿಂದ ಉರುಳುತ್ತದೆ.

ಪಕ್ಕದ ಮನೆಯ ಮಗು ಕೂರುತ್ತದೆ, ನಮ್ಮದು ಇನ್ನೂ ಇಲ್ಲ.

ಎರಡು ತಿಂಗಳಿಗೆ ಮುಖ ನೋಡಿ ನಗು, ನಾಲ್ಕಕ್ಕೆ ಕತ್ತು ನಿಲ್ಲುವುದು, ಒಂಬತ್ತರೊಳಗೆ ಆಸರೆಯಿಲ್ಲದೆ ಕೂರುವುದು, ವರ್ಷದ ಹೊತ್ತಿಗೆ ಹಿಡಿದು ನಿಂತು ಒಂದೆರಡು ಮಾತು. ಒಂದೆರಡು ತಿಂಗಳ ಹಿಂದುಮುಂದು ಇರುತ್ತದೆ. ಹಲ್ಲು ವರ್ಷದ ಹೊತ್ತಿಗೆ ಬಂದರೂ ತೊಂದರೆಯಿಲ್ಲ. ಸದ್ದಿಗೆ ತಿರುಗದಿದ್ದರೆ, ಕಣ್ಣು ವಸ್ತುವನ್ನು ಹಿಂಬಾಲಿಸದಿದ್ದರೆ, ಒಂದೇ ಕೈಯನ್ನು ಬಳಸುತ್ತಿದ್ದರೆ, ಕಲಿತದ್ದನ್ನು ಮರೆತರೆ ಮಾತ್ರ ತಡಮಾಡದೆ ತೋರಿಸಿ.

ಮಗು ಚೆನ್ನಾಗಿದೆ. ಆದರೆ ನನಗೇ ಅಳು ಬರುತ್ತದೆ, ಯಾರಿಗೂ ಹೇಳಲಾಗುತ್ತಿಲ್ಲ.

ಹೇಳಿದ್ದು ಒಳ್ಳೆಯದಾಯಿತು. ಹೆರಿಗೆಯ ನಂತರದ ಮೊದಲ ಎರಡು ವಾರ ಕಾರಣವಿಲ್ಲದೆ ಕಣ್ಣು ತುಂಬುವುದು ಬಹಳ ತಾಯಂದಿರಿಗೆ ಆಗುತ್ತದೆ, ನಿದ್ದೆ ಮತ್ತು ಆಸರೆ ಸಿಕ್ಕರೆ ಹೋಗುತ್ತದೆ. ಎರಡು ವಾರ ದಾಟಿದರೂ ಮಗು ಮಲಗಿದಾಗಲೂ ನಿದ್ದೆ ಬಾರದೆ, ಊಟ ಸೇರದೆ, ತಾನು ಕೆಟ್ಟ ತಾಯಿ ಎನಿಸುತ್ತಿದ್ದರೆ ಅದು ಖಿನ್ನತೆ. ಸೊಕ್ಕಲ್ಲ, ಗಾಳಿಯಲ್ಲ. ಎದೆಹಾಲು ನಿಲ್ಲಿಸದೆಯೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತನಾಡಬಹುದು, ಹಣ ಬೇಕಿಲ್ಲ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ, ಮನೆಯವರು ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅತ್ತೆಯವರಿಗೆ, ಗಂಡಂದಿರಿಗೆ ನನ್ನ ಕೋರಿಕೆ: ಬಾಣಂತಿಯನ್ನು ನೋಡಲು ಬಂದವರು ಮಗುವಿನ ಬಣ್ಣ, ತೂಕ ಕೇಳುವ ಮೊದಲು ಆಕೆ ರಾತ್ರಿ ನಿದ್ದೆ ಮಾಡಿದಳೇ ಎಂದು ಕೇಳಲಿ.

ಹೆಸರು ಇಡುವುದು ತಡವಾಯಿತು. ಜನನ ಪ್ರಮಾಣಪತ್ರಕ್ಕೆ ತೊಂದರೆಯೇ?

ಇಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತಂದೆತಾಯಿಯ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿದ್ದಂತೆಯೇ ಇವೆಯೇ ಎಂದು ಆಗಲೇ ನೋಡಿಕೊಳ್ಳಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ ಮೊದಲಾದವಕ್ಕೆ ಹುಟ್ಟಿದ ದಿನದ ಪುರಾವೆ ಈ ಪತ್ರವೇ.

ವರ್ಷ ತುಂಬಿದ ಮೇಲೆ ಏನು ಬದಲಾಗುತ್ತದೆ?

ಮನೆಯವರ ಊಟವನ್ನೇ ಖಾರ ಕಡಿಮೆ ಮಾಡಿ ತಟ್ಟೆಯಲ್ಲಿ ಬೇರೆಯಾಗಿ ಬಡಿಸಿ. ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟು ಇರಬೇಕು. ಇನ್ನು ತಿಂಗಳ ಏರಿಕೆ ನಿಧಾನವಾಗುತ್ತದೆ, ಹಸಿವೂ ಇಳಿದಂತೆ ಕಾಣುತ್ತದೆ. ಹೆದರಿ ಬಲವಂತವಾಗಿ ತುರುಕಬೇಡಿ. ಹಸುವಿನ ಹಾಲನ್ನು ಈಗ ಲೋಟದಲ್ಲಿ ಕೊಡಬಹುದು, ದಿನಕ್ಕೆ ಎರಡು ಲೋಟ ಮೀರದಿರಲಿ. ಎದೆಹಾಲನ್ನು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಸಬಹುದು. ಮುಂದಿನ ಲಸಿಕೆಗಳು 16ರಿಂದ 24ನೆಯ ತಿಂಗಳೊಳಗೆ: ದಡಾರ ಮತ್ತು ರುಬೆಲ್ಲಾದ ಎರಡನೆಯ ಡೋಸ್, ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್. ಕಾರ್ಡಿನಲ್ಲಿ ಆ ಸಾಲಿನ ಎದುರು ಪೆನ್ಸಿಲಿನಲ್ಲಿ ತಿಂಗಳನ್ನು ಬರೆದಿಟ್ಟುಕೊಳ್ಳಿ.